ಮಗ್ಗ ನಿಂತ ಗಳಿಗೆ

ಬಜೆಯ ಬೇರಿನ ವಾಸನೆ ಬಡಿದರೆ ಈಗಲೂ ಮೊಳಕಾಲ್ಮೂರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮೂರು ತುಂಬಿದ್ದರೂ ತಮ್ಮನಿಗೆ ಮಾತು ಬಂದಿರಲಿಲ್ಲ. ಮಗ್ಗದ ಸದ್ದಿಗೆ ನಾವೆಲ್ಲ ಕೈಸನ್ನೆಯಲ್ಲೇ ದಿನ ಕಳೆಯುತ್ತಿದ್ದೆವು. ಮಾತು ಬರಲೆಂದು ಅಜ್ಜಿ ಜೇನಿನಲ್ಲಿ ಬಜೆ ತೇಯ್ದು ಅವನ ನಾಲಿಗೆಗೆ ಹಚ್ಚುತ್ತಿದ್ದಳು.

ಮನೆಗೆ ಬಂದಿದ್ದ ಅಂಗನವಾಡಿ ಟೀಚರು ಕೂಗಿ ಹೇಳಿದರು: “ಬಜೆ ಇರ್ಲಿ ಬಿಡಜ್ಜಿ, ಮಗೀನ ಜೊತೆ ಒಂದಿಷ್ಟು ಮಾತಾಡ್ರಿ.”

“ಮಾತಾಡ್ಕೊಂಡು ಕೂತ್ರೆ ಸೀರೆ ಯಾರು ನೇಯ್ತಾರ್ರಿ?” ಅಪ್ಪ ಲಾಳಿ ಓಡಿಸುತ್ತಲೇ ಕೇಳಿದ.

ಅಷ್ಟರಲ್ಲಿ ರೇಷ್ಮೆಯ ಎಳೆ ತುಂಡಾಗಿ ಮಗ್ಗ ನಿಂತಿತು. ಆ ಮೌನದಲ್ಲಿ ತಮ್ಮ ಬಾಯಿ ತೆರೆದ.

“ಲಟಕ್, ಲಟಕ್.” ಥೇಟ್ ಮಗ್ಗದ್ದೇ ಸದ್ದು.

“ಮಾತು ಬಂತು ನನ್ನಪ್ಪಂಗೆ!” ಅಜ್ಜಿ ಅವನ ದೃಷ್ಟಿ ತೆಗೆದಳು. ಅವ್ವ ನಕ್ಕಳು. ಟೀಚರು ನಗಲಿಲ್ಲ.

ಅಪ್ಪ ಎಳೆಗೆ ಗಂಟು ಹಾಕಿ ಮತ್ತೆ ಮಗ್ಗಕ್ಕೆ ಕೂತ. ತಮ್ಮನ ತುಟಿ ಇನ್ನೂ ಆಡುತ್ತಿತ್ತು. ದನಿ ಮಾತ್ರ ಯಾರಿಗೂ ಕೇಳಲಿಲ್ಲ.