ಅರ್ಧ ತಾಸು

"ಲಿಂಗಪೂಜಿಗೆ ಅರ್ಧ ತಾಸೂ ಈ ಮನ್ಯಾಗ ಸಿಗಬಾರ್ದೇನು?" ನೀಲಗಂಗವ್ವ ಗೋಡೆಯನ್ನೇ ಕೇಳಿದಳು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟಳೋ ಇಲ್ಲವೋ, ಕುಕ್ಕರ್ ಸೀಟಿ ಹೊಡೆದಿತ್ತು, ಗಂಡ ಬನಿಯನ್ ಎಲ್ಲೆಂದು ಕೂಗಿದ್ದ.

ರೋಸಿಹೋಗಿ ಅಂದೇ ಮಠಕ್ಕೆ ಹೋದಳು. ಸ್ವಾಮಿಗಳ ಮುಂದೆ ಎರಡು ಫೋನು ಬಡಿದುಕೊಳ್ಳುತ್ತಿದ್ದವು. ಕಮಿಟಿಯವರು ಹಾಸ್ಟೆಲ್ ಕಟ್ಟಡಕ್ಕಾಗಿ ಜಗಳಕ್ಕೆ ನಿಂತಿದ್ದರು.

"ಅಜ್ಜಾರ, ಮನ್ಯಾಗ ಮನಸ್ಸು ನಿಲ್ಲವಲ್ದ್ರಿ. ಇಲ್ಲೇ ಒಂದು ಮೂಲಿ ಕೊಡ್ರಿ, ಪೂಜಿ ಮಾಡ್ಕೊಂಡು ಬಿದ್ದಿರ್ತೀನಿ."

"ಈಗ ಪೂಜಿಗೆ ಎಲ್ಲಿ ಕುಂದರ್ತಿಯವ್ವಾ?"

"ಅಡಗಿಮನಿ ಮೂಲ್ಯಾಗ್ರಿ. ಕಾಲು ತಾಸು ಸಿಕ್ಕರ ಹೆಚ್ಚು."

ಸ್ವಾಮಿಗಳು ಮುಂದೆ ಬಾಗಿ ದನಿ ತಗ್ಗಿಸಿದರು. "ಕಾಲು ತಾಸು ಸಿಗತೈತಾ! ನನಗಿಲ್ಲಿ ಅಷ್ಟೂ ಸಿಗವಲ್ದು. ನಾಳಿಂದ ನಸುಕಿನ್ಯಾಗ ಪೂಜಿಗೆ ನಾನ ಬರ್ತೀನಿ. ಆ ಮೂಲಿ ನನಗ ಬಿಟ್ಟುಕೊಡು ತಾಯಿ."

ನೀಲಗಂಗವ್ವ ದಡಬಡಿಸಿ ಎದ್ದಳು.

"ಆಗಂಗಿಲ್ರಿ, ಅಜ್ಜಾರ. ಆ ಮೂಲಿ ನನಗ ಬೇಕ್ರಿ."