ಗೋಡೆ ಬುಡದ ಪಟ್ಟಿ

ನಾಲ್ಕನೆಯ ಮರದ ಪಟ್ಟಿಯೂ ಗಿಡ್ಡವಾಯಿತು. ಮೊಣಕಾಲೂರಿ ಅದನ್ನು ಗೋಡೆಯ ಬುಡಕ್ಕೆ ಒತ್ತಿ ಹಿಡಿದಿದ್ದ ಗಂಡ ಮೂಲೆಯ ಕಡೆ ಕಣ್ಣು ಹಾಯಿಸಿದ. ಕಿರುಬೆರಳು ತೂರುವಷ್ಟು ಸಂದು.

“ಒಂಚೂರು ಜಾಸ್ತಿ ಹೋಯ್ತು ಕಣೇ,” ಎಂದ.

“ಕೂದಲಾಗಿದ್ರೆ ತಿಂಗಳು ಬಿಟ್ಟು ಬನ್ನಿ ಅನ್ನಬಹುದಿತ್ತು,” ಎಂದಳು ಹೆಂಡತಿ.

ಅವನು ಕ್ಷೌರದಂಗಡಿಯವನು, ಅವಳು ದರ್ಜಿ. ಇಬ್ಬರ ಅನ್ನವೂ ಕತ್ತರಿಯದೇ. ಆದರೆ ಮರದ ಮುಂದೆ ಆ ವಿದ್ಯೆ ನಡೆಯಲಿಲ್ಲ. ಮೊದಲ ದಿನ ಅವಳೇ ತನ್ನ ಟೇಪಿನಲ್ಲಿ ಅಳೆದು, ಕೈ ರೂಢಿಯಂತೆ ಮಡಿಕೆಗೆಂದು ಎರಡೂ ತುದಿಗೆ ಅರ್ಧರ್ಧ ಇಂಚು ಹೆಚ್ಚಿಗೆ ಬಿಟ್ಟು ಗುರುತು ಹಾಕಿದ್ದಳು. ಮರವನ್ನು ಮಡಿಸಲಾಗುತ್ತದೆಯೇ? ಪಟ್ಟಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಉಂಡ ಹೊಟ್ಟೆಯಂತೆ ಉಬ್ಬಿ ನಿಂತಿತು. ಗರಗಸ ಅವನ ಕೈಗೆ ಹೋಯಿತು. ಅವನೋ, ಗಿರಾಕಿಯ ಕಿವಿಯ ಹಿಂದೆ ತಿದ್ದುವವನಂತೆ ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತಲೇ ಎಲ್ಲವನ್ನೂ ಗಿಡ್ಡ ಮಾಡಿಟ್ಟ. ತಪ್ಪೆಲ್ಲ ನೆಲದ್ದು ಎಂದು ವಾದ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಅವಳು ನಕ್ಕಳು. ಅವನು ಒಂದು ದಾರದ ರೀಲನ್ನು ನೆಲದ ಮೇಲಿಟ್ಟ. ಯಾರೂ ಮುಟ್ಟದೆಯೇ ಅದು ಉರುಳಿಕೊಂಡು ಹೋಗಿ ಬಾಗಿಲ ಬಳಿ ನಿಂತಿತು. ಗಾದೆ ಬಾಯಿ ಮುಚ್ಚಿಕೊಂಡಿತು.

ಈ ಪಟ್ಟಿಗಳಿಗಾಗಿ ಅವಳು ಕಾದದ್ದು ಮೂರು ವರ್ಷ. ನೆಲಕ್ಕೆ ಹೊಸ ಹಾಸು ಹಾಕಿಸಿದಾಗ ಸುತ್ತಲೂ ಗೋಡೆಯ ಬುಡದಲ್ಲಿ ಸಂದು ಉಳಿದಿತ್ತು. ನಾಳೆ ಬರುತ್ತೇನೆಂದು ಹೋದ ಬಡಗಿ ಬರಲೇ ಇಲ್ಲ. ಆಗಲೇ ಅವಳ ತಂಗಿ ಬಂದದ್ದು. ಒಳಗೆ ಕಾಲಿಟ್ಟವಳೇ, “ಏನಕ್ಕಾ, ನಿಮ್ಮನೇಲಿ ಗೋಡೆನೂ ನೆಲನೂ ಮಾತು ಬಿಟ್ಟಿದಾವಾ?” ಎಂದಿದ್ದಳು. ತಮಾಷೆಯೇ. ಆದರೆ ಅಂದು ಅದು ಚುಚ್ಚಿತು. ಹಾಗಿದ್ದರೆ ನೆಟ್ಟಗಿರುವ ಮನೆ ಹುಡುಕಿಕೊಂಡು ಹೋಗು ಎಂದುಬಿಟ್ಟಳು ಅಕ್ಕ. ತಂಗಿ ಊಟಕ್ಕೂ ನಿಲ್ಲದೆ ಚೀಲ ಎತ್ತಿಕೊಂಡು ಹೋದಳು. ಆವತ್ತಿನಿಂದ ಮಾತು ಬಿಟ್ಟವರು ಅವರಿಬ್ಬರೇ. ಫೋನಿನಲ್ಲಾದರೆ ನಾಲಿಗೆ ಮತ್ತೆ ಜಾರೀತೆಂದು, ವಾರದೊಳಗೆ ಮೂರು ಸಾಲಿನ ಕಾಗದ ಬರೆದು ಲಕೋಟೆ ಅಂಟಿಸಿ ಅಂಚೆ ಚೀಟಿ ಹಚ್ಚಿದಳು: ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಬಾ. ಪಟ್ಟಿ ಹೊಡೆದ ಮೇಲೆ ಅಂಚೆಗೆ ಹಾಕೋಣ, ಬಂದವಳು ಮತ್ತೆ ಬೊಟ್ಟು ಮಾಡುವಂತಿರಬಾರದು ಎಂದುಕೊಂಡು ಅದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಅದು ಅಲ್ಲೇ ಉಳಿಯಿತು.

ಗಿಡ್ಡವಾದಲ್ಲೆಲ್ಲ ತುಂಡು ಕೂಡಿಸಿ, ಮರದ ಪುಡಿಗೆ ಗೋಂದು ಕಲಸಿ ಮೆತ್ತಿದ್ದಾಯಿತು. ಉಳಿದದ್ದು ಕಿಟಕಿಯ ಕೆಳಗಿನ ಪಟ್ಟಿ ಒಂದೇ. ಅಲ್ಲಿ ಗೋಡೆ ನಡುವೆ ಕುಳಿಬಿದ್ದು, ಪಟ್ಟಿ ಅಲುಗಾಡುತ್ತಿತ್ತು. ಅವಳು ಕೈ ತೊಳೆದು ಬರುವಷ್ಟರಲ್ಲಿ ಅವನು ಅದರ ಹಿಂದೆ ಏನನ್ನೋ ತುರುಕಿ ಮೊಳೆ ಹೊಡೆದು ಮುಗಿಸಿದ್ದ. ಅವಳು ಬಗ್ಗಿ ಅಂಗೈಯಿಂದ ಒತ್ತಿದಳು, ಮಿಸುಕಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೋಣೆಯನ್ನೊಮ್ಮೆ ನೋಡಿದಳು. ಎಂಥದೋ ಭಾರ ಇಳಿದಂತಾಯಿತು. ಹಾಗೇ ಹೋಗಿ ಡ್ರಾಯರು ಎಳೆದಳು. ದಾರ, ಗುಂಡಿ, ಸೀಮೆಸುಣ್ಣ ಇದ್ದವು. ಲಕೋಟೆ ಇರಲಿಲ್ಲ.

ಕೇಳಿದ್ದಕ್ಕೆ ಅವನು ಸುತ್ತಿಗೆಯಿಂದ ಕಿಟಕಿಯ ಕೆಳಗೆ ತೋರಿಸಿದ. ಡ್ರಾಯರಿನಲ್ಲಿ ಲಕೋಟೆ ಬೆನ್ನು ಮೇಲಾಗಿ ಬಿದ್ದಿತ್ತಂತೆ, ವಿಳಾಸ ಕಾಣಲಿಲ್ಲವಂತೆ. ಅದು ಯಾವ ಕಾಗದವೆಂದು ತಿಳಿದ ಮೇಲೆ ಸುತ್ತಿಗೆ ಕೆಳಗಿಟ್ಟ.

“ಅದನ್ನ ಆವತ್ತೇ ಹಾಕಿದೀಯ ಅಂದ್ಕೊಂಡಿದ್ದೆ. ಅವಳು ಉತ್ತರ ಬರೀಲಿಲ್ಲ ಅಂತ ಮೂರು ವರ್ಷದಿಂದ ಮನಸಲ್ಲೇ ಅವಳನ್ನ ಬೈಕೊಂಡಿದೀನಿ.”

ಅವಳು ಪಟ್ಟಿಯನ್ನೇ ನೋಡುತ್ತ ನಿಂತಳು. ಕೋಣೆ ಈಗ ಎಷ್ಟು ಅಚ್ಚುಕಟ್ಟಾಗಿತ್ತು. ಹೋಗಲಿ, ಅಲ್ಲೇ ಇರಲಿ, ಯಾರಿಗೆ ಗೊತ್ತಾಗುತ್ತದೆ ಎಂದು ಒಳಗಿನಿಂದ ಯಾರೋ ಮೆಲ್ಲಗೆ ಅಂದ ಹಾಗಾಯಿತು. ತಂಗಿಗೂ ಇಷ್ಟು ದಿನ ಒಳಗಿನಿಂದ ಹೀಗೇ ಮೆಲ್ಲಗೆ, ಹೋಗಲಿ ಬಿಡು ಎಂದು ಕೇಳಿಸಿರಬೇಕು. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡು ಪಟ್ಟಿಯ ಹಿಂದೆ ತೂರಿಸಿದಳು. “ಹಿಡ್ಕೊಳ್ರೀ ಆ ಕಡೆ,” ಎಂದಳು.

ಪಟ್ಟಿಯೊಂದಿಗೆ ಒಂದು ಹಿಡಿ ಗಾರೆಯೂ ಕಿತ್ತು ಬಂತು. ಲಕೋಟೆಯ ನಟ್ಟನಡುವೆ ಮೊಳೆ ಹೊಕ್ಕು ಹೊರಬಿದ್ದಿತ್ತು. ಒಳಗಿನ ಮೂರು ಸಾಲಿನಲ್ಲಿ ಯಾವುದಕ್ಕೆ ತಗುಲಿತೋ. ಹೊಸದಾಗಿ ಬರೆದುಬಿಡು ಎಂದ ಗಂಡ. ಹೊಸದು ಬರೆಯಲು ಕೂತರೆ ಇನ್ನು ಮೂರು ವರ್ಷ, ಎಂದು ಅವಳು ಅದನ್ನೇ ಸೆರಗಿನಲ್ಲಿ ಒರೆಸಿದಳು. ತೂತಿನ ಮೇಲೆ, ಹರಿದ ಅಂಗಿಗೆ ತೇಪೆ ಹಾಕುವಂತೆ, ಇನ್ನೊಂದು ಅಂಚೆ ಚೀಟಿ ಅಂಟಿಸಿದಳು.

ತಲೆಯ ಮೇಲಿನ ಮರದ ಪುಡಿಯನ್ನೂ ಕೊಡವಿಕೊಳ್ಳದೆ ಇಬ್ಬರೂ ಬೀದಿಯ ತಿರುವಿನ ಅಂಚೆ ಡಬ್ಬಿಯವರೆಗೆ ನಡೆದರು. ಅವನಿಗೆ ಇನ್ನೂ ಕಿಟಕಿಯ ಕೆಳಗಿನದೇ ಯೋಚನೆ.

“ಆ ಪಟ್ಟಿ ತಿರುಗಿ ಹೊಡೆದ್ರೂ ಅಲ್ಲಾಡತ್ತಲ್ಲೇ. ಹಿಂದೆ ಬೇರೆ ಏನಾದ್ರೂ ತುರುಕ್ಲಾ?”

“ಬೇಡ ಬಿಡಿ,” ಎಂದಳು ಅವಳು, ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಿಡಿದು. “ಅವಳು ಬಂದ್ರೆ ಆಡಿಕೊಳ್ಳೋಕೆ ಒಂದಾದ್ರೂ ಇರಬೇಕಲ್ಲ.” ಕೈ ಬಿಟ್ಟಳು. ಒಳಗೆ ಕಾಗದ ಬಿದ್ದ ಸದ್ದು ಕೇಳಿಸಿತು.