ಬೆಳಗಿನ ಪಾಳಿಯ ಜಗಳ

ದಡದಲ್ಲಿ ಯಾರಾದರೂ ಜಗಳವಾಡಿದರೆ ಕಡಲು ಅದನ್ನು ಕೇಳುತ್ತ ಇದ್ದಲ್ಲೇ ನಿಂತುಬಿಡುತ್ತದೆ, ಅವರು ರಾಜಿಯಾದರೆ ಬೇಸರವಾಗಿ ಊರೊಳಗೆ ನುಗ್ಗುತ್ತದೆ ಎಂದು ಗೊತ್ತಾದಂದಿನಿಂದ ಮಂಗಳೂರಿನವರು ಪಾಳಿ ಹಾಕಿಕೊಂಡು ವಾದ ಮಾಡುತ್ತಿದ್ದರು. ಬೆಳಗಿನ ಪಾಳಿ ಹರಿಣಾಕ್ಷಿ ಮತ್ತು ಭುಜಂಗನದು.

“ಕಡಲು ಏರ್ತಾ ಉಂಟು. ನಿಮ್ಮ ಸೀರೆ ನೋಡಿ, ಮೊಣಕಾಲಿನವರೆಗೆ ನೆನೆದು ಚಂಡಿ,” ಎಂದ ಭುಜಂಗ.

“ಅದು ಬೆವರು,” ಎಂದಳು ಹರಿಣಾಕ್ಷಿ. ಏರುತ್ತಿಲ್ಲ ಎನ್ನುವುದು ಅವಳ ಪಾಲಿನ ವಾದ. ಅವಳು ಅದನ್ನು ಒಮ್ಮೆಯೂ ಬಿಟ್ಟುಕೊಟ್ಟವಳಲ್ಲ.

“ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಬಂಗುಡೆ ಮೀನು ಇತ್ತಲ್ಲ, ಅದೆಂತದು ಹಾಗಾದ್ರೆ?”

“ಉಡುಪಿ ಬಸ್ಸಿಗೆ ಕಾಯ್ತಿದ್ದದ್ದಿರಬೇಕು.”

ಭುಜಂಗನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ, “ನನ್ನನ್ನು ಮದುವೆ ಆಗ್ತೀರಾ?” ಎಂದು ಕೇಳಿಬಿಟ್ಟ.

ಇಲ್ಲ ಎನ್ನುವುದೇ ಅವಳ ಕೆಲಸ. ಬೆನ್ನ ಹಿಂದಿನ ಹೋಟೆಲಿನಲ್ಲಿ ಊರಿನವರು ನೆಮ್ಮದಿಯಾಗಿ ದೋಸೆ ತಿನ್ನುತ್ತಿದ್ದರು. ಹರಿಣಾಕ್ಷಿ ಅವರತ್ತ ನೋಡಿದಳು, ಇವನತ್ತ ನೋಡಿದಳು, “ಆಯ್ತು,” ಎಂದಳು.

ಕಡಲು ಒಂದೇ ನೆಗೆತಕ್ಕೆ ಸೊಂಟದವರೆಗೆ ಬಂತು. ಹೋಟೆಲಿನ ಕುರ್ಚಿಗಳು ತೇಲಿದವು. ತಟ್ಟೆಗಳನ್ನು ತಲೆಯ ಮೇಲೆತ್ತಿ ಹಿಡಿದ ಜನ, “ಎಂತದಾದ್ರೂ ಜಗಳ ಮಾಡಿ ಮಾರಾಯ್ರೆ,” ಎಂದು ಕೂಗಿಕೊಂಡರು.

“ಮದುವೆಗೆ ಮೀನಿನ ಊಟ,” ಎಂದ ಭುಜಂಗ ಗಾಬರಿಯಲ್ಲಿ.

“ಮೀನಾ? ಕೋಳಿ ಸಾರು ಹಾಕಿದ ಕೋರಿರೊಟ್ಟಿ ಇಲ್ಲದಿದ್ರೆ ನಾನು ಮಂಟಪಕ್ಕೇ ಬರುದಿಲ್ಲ.”

ಕಡಲು ಥಟ್ಟನೆ ನಿಂತಿತು. ಆಮೇಲೆ, ಕೇಳಲು ಆರಾಮಾದ ಜಾಗ ಹುಡುಕುವವರ ಹಾಗೆ ಮೆಲ್ಲಗೆ ಹಿಂದಕ್ಕೆ ಸರಿದು ಕೂತಿತು. ಹರಿಣಾಕ್ಷಿ ಭುಜಂಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇಡೀ ಊರಿಗೆ ಕೇಳುವಂತೆ ದನಿ ಏರಿಸಿದಳು.

“ಮತ್ತೆ, ಮದುವೆ ಆದ ಮೇಲೆ ನೀವೇ ನಮ್ಮನೆಗೆ ಬರುದು.”